ಗಾಜು ಕರಗಿಸಲು ಹೂಕುಂಡವೋ, ಮೂಸೆಯೋ, ಜಾಲರಿಯೋ?

ಮಿಕ್ಕ ಗಾಜಿನ ಚೂರುಗಳನ್ನು ತೂತಿರುವ ಪಾತ್ರೆಗೆ ತುಂಬಿ ಕಿಲ್ನಿನಲ್ಲಿ (ಗಾಜು, ಮಣ್ಣು ಕಾಯಿಸುವ ಕುಲುಮೆ) ಕರಗಿಸಿದರೆ, ಬಣ್ಣಗಳು ಕೆಳಗಿನ ಶೆಲ್ಫ್ ಮೇಲೆ ಇಳಿದು ಸುರುಳಿ ಸುತ್ತಿ ಬಿಲ್ಲೆಯಾಗುತ್ತವೆ. ಮಣ್ಣಿನ ಹೂಕುಂಡ, ಸ್ಟೋನ್‌ವೇರ್ ಮೂಸೆ (ಹೆಚ್ಚು ಬಿಸಿಯಲ್ಲಿ ಸುಟ್ಟ ಗಟ್ಟಿ ಮಣ್ಣಿನದು), ಸ್ಟೀಲ್ ಜಾಲರಿ ಮೂರರಲ್ಲೂ ಇದನ್ನು ಮಾಡಿ ನೋಡಿದ್ದೇನೆ. ಮೂರಕ್ಕೂ ಬಳಸಿದ್ದು 90 ಸಿಒಇ ಗಾಜನ್ನೇ. ಸಿಒಇ ಅಂದರೆ ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎಂಬ ಅಳತೆ. ಬೇರೆ ಬೇರೆ ಸಿಒಇ ಬೆರೆತರೆ ತಣ್ಣಗಾಗುವಾಗ ಬಿಲ್ಲೆ ಸೀಳುತ್ತದೆ.

ನನ್ನ ಓಟು ಹೂಕುಂಡಕ್ಕೆ. ಬಣ್ಣ, ಮೆರುಗು ಯಾವುದೂ ಇಲ್ಲದ ಸಾದಾ ಕುಂಡವೇ ಆಗಬೇಕು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಟಣ್ ಅಂದರೆ ಗಟ್ಟಿ, ಬದ್ ಅಂದರೆ ಎಲ್ಲೋ ಸೀಳಿದೆ. ತಳದ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಬಹುದು, ಪಕ್ಕದಲ್ಲಿ ಇನ್ನೆರಡು ತೂತು ಕೊರೆಯಬಹುದು. ಒಂದೊಂದು ತೂತಿನ ಕೆಳಗೂ ಒಂದೊಂದು ಸುಳಿ ಮೂಡುತ್ತದೆ. ಇಷ್ಟು ಸಲೀಸಾಗಿ ಮಾತು ಕೇಳುವುದು ಮಣ್ಣೊಂದೇ.

ಆದರೆ ಮಣ್ಣು ನೀರು ಕುಡಿದಿರುತ್ತದೆ. ಅವಸರದಲ್ಲಿ ಕಾಯಿಸಿದರೆ ಒಳಗಿನ ಹಬೆ ಕುಂಡವನ್ನೇ ಒಡೆಯುತ್ತದೆ. ನಾನು ಮೊದಲು 90 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸುತ್ತೇನೆ. ಆಮೇಲೆ ಗಂಟೆಗೆ 100 ಡಿಗ್ರಿಯಂತೆ 600 ದಾಟುವವರೆಗೆ ನಿಧಾನ. ಯಾಕೆಂದರೆ 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಥಟ್ಟನೆ ಹಿಗ್ಗುತ್ತದೆ. 920ರಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರೆ ಗಾಜು ಜೇನಿನಂತೆ ಎಳೆಯಾಗಿ ಇಳಿಯುತ್ತದೆ. 20 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪದ ಬಿಲ್ಲೆಗೆ ಸುಮಾರು 470 ಗ್ರಾಂ ಬೇಕು. ಕುಂಡಕ್ಕೆ ಮೆತ್ತಿಕೊಳ್ಳುವ ಪಾಲಿಗೆ ಒಂದು ಹಿಡಿ ಜಾಸ್ತಿ ಹಾಕಿ.

ಒಮ್ಮೆ ಅದೇ ಕುಂಡವನ್ನು ಎರಡನೇ ಸಲ ಇಟ್ಟೆ. ನೋಡಲು ಚೆನ್ನಾಗಿಯೇ ಇತ್ತು. ಮಾರನೇ ದಿನ ಕಿಲ್ನ್ ತೆರೆದರೆ ಕುಂಡ ಎರಡು ಹೋಳು, ಗಾಜು ಕುಂಡವನ್ನು ಎತ್ತಿ ಹಿಡಿದಿದ್ದ ಆನಿಕೆಯ ಕಂಬಗಳನ್ನು ಶೆಲ್ಫಿಗೇ ಅಂಟಿಸಿಬಿಟ್ಟಿತ್ತು. ಒಳಗೆ ಮೆತ್ತಿದ್ದ ಗಾಜು ತಣಿಯುವಾಗ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತದೆ, ಆ ಎಳೆತಕ್ಕೆ ಕಾಣದಂಥ ಬಿರುಕು ಬಿದ್ದಿರುತ್ತದೆ. ಅಂದಿನಿಂದ ಒಂದು ಕುಂಡಕ್ಕೆ ಒಂದೇ ಸಲ.

ಮೂಸೆ ಹೆಚ್ಚು ಬಾಳುತ್ತದೆ, ನನ್ನದು ನಾಲ್ಕು ಸಲ ಬಂತು. ಆದರೆ ಗೋಡೆ ದಪ್ಪ, ಬಿಸಿ ಏರುವುದು ತಡ. ಕುಂಡದ ಲೆಕ್ಕದಲ್ಲೇ ಕಾಯಿಸಿದಾಗ ತಳದಲ್ಲಿ ಒಂದು ಮುದ್ದೆ ಹಾಗೇ ಉಳಿದಿತ್ತು, ಇನ್ನರ್ಧ ಗಂಟೆ ಬೇಕಾಯಿತು. ಹಿಂದಿನ ಸಲದ ಬಣ್ಣವೂ ಹೊಸದಕ್ಕೆ ಬೆರೆಯುತ್ತದೆ. ಕಪ್ಪು ಗಾಜು ಕರಗಿಸಿದ ಮೂಸೆಯಲ್ಲಿ ತಿಳಿ ಹಳದಿ ಹಾಕಿ ಕೊರಗಿದ್ದೇನೆ.

ಜಾಲರಿಯಲ್ಲಿ ಸುಳಿಯ ಬದಲು ಸಣ್ಣ ಸಣ್ಣ ಕಣ್ಣುಗಳು ಮೂಡುತ್ತವೆ. ಅದು ಬೇರೆಯೇ ಚೆಂದ. ಎರಡನೇ ಸಲದಿಂದ ಸ್ಟೀಲಿನ ಕರಿ ಹೊಪ್ಪಳಿಕೆ ಉದುರಿ ಗಾಜಿನಲ್ಲಿ ಕೂರುತ್ತದೆ. ತಣಿಯುವಾಗ ತಂತಿ ಗಾಜಿಗಿಂತ ಜಾಸ್ತಿ ಕುಗ್ಗುವುದರಿಂದ, ಅದಕ್ಕೆ ಅಂಟಿದ ಗಾಜು ಚೂಪು ಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಅದನ್ನು ಮುಟ್ಟಲೇಬೇಡಿ.