ಶೋಧಗಂಗಾ, ಎನ್-ಲಿಸ್ಟ್: ಕೊಡಗಿನಿಂದ ಬಳಸುವವರಿಗೆ ಒಂದು ರಿವ್ಯೂ

ಎಂಎ, ಪಿಎಚ್‌ಡಿ ಮಾಡುವ ನಮ್ಮ ಜಿಲ್ಲೆಯ ಮಕ್ಕಳಿಗೆ ನಾನು ಮೊದಲು ಹೇಳುವುದು ಶೋಧಗಂಗಾ ತೆರೆದು ನೋಡಿ ಅಂತ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ತಾಣ ಇದು. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಇಲ್ಲಿವೆ, ದುಡ್ಡು ಕೊಡಬೇಕಿಲ್ಲ. ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿಯನ್ನೂ ಕೊಡಲೇಬೇಕು ಅಂತ 2009ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ ಮಾಡಿತು, ಹಾಗಾಗಿ ಈಗ ಲಕ್ಷಗಟ್ಟಲೆ ಸೇರಿವೆ.

ಪಕ್ಕದಲ್ಲೇ ದೊಡ್ಡ ಲೈಬ್ರರಿ ಇರುವ ಊರಿನವರಿಗೆ ಇದೇನು ಮಹಾ ಅನಿಸಬಹುದು. ಗೋಣಿಕೊಪ್ಪದಿಂದ ಬೆಳಗಿನ ಬಸ್ ಹಿಡಿದು, ಹುಣಸೂರು ದಾಟಿ ಮೈಸೂರು ತಲುಪಿ, ಒಂದು ಥೀಸಿಸ್ ಕೈಗೆ ಬಂದು ನಾಲ್ಕು ಪುಟ ಬರೆದುಕೊಳ್ಳುವಷ್ಟರಲ್ಲಿ ವಾಪಸ್ ಬಸ್ಸಿನ ಹೊತ್ತಾಗುತ್ತದೆ ಅನ್ನುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಹೆಣ್ಣುಮಕ್ಕಳಿಗಂತೂ ಮನೆಯಲ್ಲಿ ಒಪ್ಪಿಸಿ ಹೊರಡುವುದೇ ಒಂದು ಕೆಲಸ. ಇತಿಹಾಸ ಪಾಠ ಮಾಡುವ ನನಗೆ ಇದು ನಿಜವಾಗಿ ಕೈಹಿಡಿದಿದೆ.

ಬಳಸುವುದು ಹೇಗಿದೆ ಅಂತ ಹೇಳುತ್ತೇನೆ. ಒಂದು ಪ್ರಬಂಧ ತೆರೆದರೆ ಇಡೀ ಪುಸ್ತಕ ಒಂದೇ ಫೈಲ್ ಆಗಿ ಬರುವುದಿಲ್ಲ. ಶೀರ್ಷಿಕೆ ಪುಟ 01, ಸರ್ಟಿಫಿಕೇಟ್ 02, ಹೀಗೆ ನಂಬರ್ ಹಾಕಿದ ಬೇರೆ ಬೇರೆ ಪಿಡಿಎಫ್‌ಗಳು, ಒಂದೊಂದು ಅಧ್ಯಾಯಕ್ಕೂ ಒಂದೊಂದು. ಮೊದಮೊದಲು ಕಿರಿಕಿರಿ ಆಗುತ್ತದೆ. ಆದರೆ ನಮ್ಮ ಕಡೆ ನೆಟ್‌ವರ್ಕ್‌ಗೆ ಇದೇ ಒಳ್ಳೆಯದು ಅಂತ ನನಗೆ ಅನಿಸಿದೆ, ಯಾಕೆಂದರೆ ಬೇಕಾದ ಅಧ್ಯಾಯ ಮಾತ್ರ ಇಳಿಸಿಕೊಂಡರೆ ಸಾಕು, ನಡುವೆ ಸಿಗ್ನಲ್ ಹೋದರೂ ಪೂರ್ತಿ ಮೊದಲಿಂದ ಶುರು ಮಾಡಬೇಕಿಲ್ಲ. 80 ಅಂತ ನಂಬರ್ ಇರುವ ಫೈಲ್ ಕಂಡರೆ ಅದನ್ನು ಮೊದಲು ತೆರೆಯಿರಿ, ಸಾಮಾನ್ಯವಾಗಿ ಕೊನೆಯ ಅಧ್ಯಾಯದ ತೀರ್ಮಾನ, ಶಿಫಾರಸು ಅದರಲ್ಲಿರುತ್ತದೆ, ಪ್ರಬಂಧ ನಿಮಗೆ ಬೇಕೋ ಬೇಡವೋ ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ. ಕಕ್ಕಡ ಮಳೆ ಹಿಡಿಯುವ ಮೊದಲೇ ಬೇಕಾದ್ದನ್ನೆಲ್ಲ ಇಳಿಸಿಟ್ಟುಕೊಳ್ಳಿ. ಕರೆಂಟು ಹೋಗಿ ಟವರೂ ಮಲಗಿದ ಮೇಲೆ ಯಾವ ಡಿಜಿಟಲ್ ಲೈಬ್ರರಿಯೂ ನೆರವಿಗೆ ಬರುವುದಿಲ್ಲ.

ಹುಡುಕುವಾಗ ಸ್ವಲ್ಪ ತಾಳ್ಮೆ ಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕೊಡಗು ಅಂತ ಕೊಟ್ಟಾಗ ಬರುವುದೇ ಬೇರೆ, ಕೂರ್ಗ್ ಅಂತ ಕೊಟ್ಟಾಗ ಬರುವುದೇ ಬೇರೆ. ಕೊಡವ ಅಂತಲೂ ಕೊಟ್ಟು ನೋಡಿ. ಹಳೆಯ ಆಡಳಿತದ ವಿಷಯವಾದರೆ ಮಡಿಕೇರಿಗೆ ಬ್ರಿಟಿಷರು ಇಟ್ಟಿದ್ದ ಮರ್ಕೆರಾ ಅನ್ನುವ ಹೆಸರನ್ನೂ ಹಾಕಿ. ಕಾಫಿ, ಕಾವೇರಿ, ಪಶ್ಚಿಮ ಘಟ್ಟ ಅಂತ ಹುಡುಕಿದರೆ ಬೇರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಜಿಲ್ಲೆಯ ಮೇಲೆ ನಡೆದ ಕೆಲಸವೂ ಕಣ್ಣಿಗೆ ಬೀಳಬಹುದು.

ನನಗೆ ಬೇಜಾರಾಗುವುದು ಕನ್ನಡ ಪ್ರಬಂಧಗಳ ವಿಷಯದಲ್ಲಿ. ಎಷ್ಟೋ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಒಳಗೆ ಒಂದು ಪದ ಹುಡುಕಲಿಕ್ಕೆ ಆಗುವುದಿಲ್ಲ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಇದು ತಾಣ ನಡೆಸುವವರೊಬ್ಬರ ಕೆಲಸ ಅಲ್ಲ, ಫೈಲ್ ಕಳಿಸುವ ವಿಶ್ವವಿದ್ಯಾಲಯಗಳು ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ನಲ್ಲೇ ಕೊಡಿ ಅಂತ ಪಟ್ಟು ಹಿಡಿಯಬೇಕು. ಕನ್ನಡದಲ್ಲಿ ಸಂಶೋಧನೆ ಮಾಡಿದವರು ವರ್ಷಗಟ್ಟಲೆ ದುಡಿದು ಬರೆದದ್ದು ಹುಡುಕಿದರೂ ಸಿಗದೆ ಹೋದರೆ ಹೇಗೆ?

ಎನ್-ಲಿಸ್ಟ್ ಕೂಡ ಇನ್‌ಫ್ಲಿಬ್‌ನೆಟ್‌ನದ್ದೇ, ಕಾಲೇಜುಗಳಿಗೆ ಅಂತ ಮಾಡಿದ್ದು. ಸಾವಿರಾರು ಜರ್ನಲ್ (ಸಂಶೋಧನಾ ಪತ್ರಿಕೆ), ಲಕ್ಷಕ್ಕೂ ಜಾಸ್ತಿ ಇ-ಪುಸ್ತಕ. ಇದಕ್ಕೆ ಕಾಲೇಜು ಸದಸ್ಯತ್ವ ಪಡೆದಿರಬೇಕು, ಲೈಬ್ರರಿಯನ್ ನಿಮ್ಮ ಹೆಸರು ಸೇರಿಸಿ ಐಡಿ ಮಾಡಿಕೊಡಬೇಕು. ಒಮ್ಮೆ ಐಡಿ ಬಂದರೆ ಮನೆಯಿಂದಲೇ ಓದಬಹುದು. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ಸದಸ್ಯತ್ವ ಇದೆ, ಆದರೆ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ. ತರಗತಿಯಲ್ಲಿ ತೆರೆದು ತೋರಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, ‘ಮೇಡಂ, ಇದು ನಮಗೂ ಇದೆಯಾ?’ ನಿಮಗೇ ಇರುವುದು ಕಣಮ್ಮಾ ಅಂದೆ. ಸಂಕಟ ಆಯಿತು, ಸುಮ್ನೆ ಹೇಳುತ್ತಿಲ್ಲ.

ಖರಗ್‌ಪುರ ಐಐಟಿಯವರ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ ಡಿಗ್ರಿ ಮಕ್ಕಳಿಗೆ, ಪ್ರವೇಶ ಪರೀಕ್ಷೆಗೆ ಓದುವವರಿಗೆ ಚೆನ್ನಾಗಿದೆ, ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಅದು ಹೆಚ್ಚಾಗಿ ಬೇರೆ ಬೇರೆ ಸಂಗ್ರಹಗಳಿಗೆ ದಾರಿ ತೋರಿಸುವ ತಾಣ, ಹಾಗಾಗಿ ಪಟ್ಟಿಯಲ್ಲಿ ಕಂಡದ್ದೆಲ್ಲ ತೆರೆದು ಓದಲು ಸಿಗುತ್ತದೆ ಅಂದುಕೊಳ್ಳಬೇಡಿ. ಇನ್ನು 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಿದೆ, ಅಂದರೆ ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಇಡೀ ದೇಶಕ್ಕೆ ಒಟ್ಟಿಗೆ ಚಂದಾ ಕಟ್ಟುವ ಯೋಜನೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್. ಇದು ಸರ್ಕಾರಿ ಸಂಸ್ಥೆಗಳಿಗೆ. ಚಿಕ್ಕ ಅಳುವಾರದ ನಮ್ಮ ಕೊಡಗು ವಿಶ್ವವಿದ್ಯಾಲಯದಲ್ಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇರುವವರು ತಮ್ಮ ಲೈಬ್ರರಿಯಲ್ಲಿ ಲಾಗಿನ್ ಬಗ್ಗೆ ಕೇಳಲೇಬೇಕು. ಖಾಸಗಿ ಕಾಲೇಜಿನವರಾದರೆ ಎನ್-ಲಿಸ್ಟ್ ಇದೆಯಾ ಅಂತ ವಿಚಾರಿಸಿ. ಇಲ್ಲ ಅಂದರೆ ನಾಲ್ಕು ಜನ ಒಟ್ಟಿಗೆ ಹೋಗಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ, ಬಾಯಿಮಾತಲ್ಲಿ ಬಿಡಬೇಡಿ.