ಹಗ್ಗವೋ ಬೆಲ್ಟೋ, ಸೀಮೆಎಣ್ಣೆಯೋ ಗ್ಯಾಸೋ: ಲಾಂಗ್ ಲೈನ್‌ಗೆ ಹೊರಡುವವರು ಏನು ಕೊಳ್ಳಬೇಕು

ಹೊಸದಾಗಿ ಲಾಂಗ್ ಲೈನ್, ಅಂದರೆ ದೂರದೂರಿಗೆ ಹೋಗುವ ಲಾರಿ, ಹತ್ತುವ ಹುಡುಗರು ಕೇಳುವುದು ಒಂದೇ ಪ್ರಶ್ನೆ: ಅಣ್ಣ, ಏನೇನು ತಗೊಳ್ಳಲಿ? ಅಂಗಡಿಯವನನ್ನು ಕೇಳಿದರೆ ಎಲ್ಲವೂ ಬೇಕು ಅಂತಾನೆ. ಓನರ್ ಆದರೆ ಲಾರಿಯಲ್ಲೇ ಎಲ್ಲ ಇದೆ, ಸುಮ್ನೆ ಹೋಗು ಅಂತಾನೆ. ಗಂಗಾವತಿ ಅಕ್ಕಿ ಹೊತ್ತು ಮುಂಬೈ ಪಕ್ಕದ ವಾಶಿಗೆ, ಕೋಲಾರದ ಟೊಮೆಟೊ ಹೊತ್ತು ನಾಗಪುರದಾಚೆಗೆ, ಬರುವಾಗ ಗುಜರಾತಿನ ಮೋರ್ಬಿಯಿಂದ ಟೈಲ್ಸ್ ಹೊತ್ತು ಓಡಿಸಿದವನಾಗಿ ನಾನು ಹೇಳುವುದು ಇಷ್ಟು: ಮೊದಲು ಲೋಡ್ ಏನು ಅಂತ ನೋಡಿ, ಆಮೇಲೆ ಸಾಮಾನು ಕೊಳ್ಳಿ. ಹಳೇದು ಗಟ್ಟಿ, ಹೊಸದು ಜೊಳ್ಳು ಅನ್ನುವ ಡಾಬಾ ವಾದಕ್ಕೆ ನಾನು ಬರಲ್ಲ.

ಮೊದಲು ಹಗ್ಗ ಮತ್ತು ರ‍್ಯಾಚೆಟ್ ಬೆಲ್ಟ್. ರ‍್ಯಾಚೆಟ್ ಅಂದರೆ ಹಿಡಿ ಆಡಿಸಿ ಪಟ್ಟಿ ಬಿಗಿಯುವ ಹಲ್ಲಿನ ಕೊಂಡಿ. ಹಗ್ಗ, ಬೆಲ್ಟ್ ಎರಡನ್ನೂ ಬಳಸಿದ್ದೇನೆ, ಎರಡೂ ಈಗಲೂ ಲಾರಿಯಲ್ಲಿವೆ. ಟೈಲ್ಸ್ ಪ್ಯಾಲೆಟ್, ಮೆಷಿನ್, ಪೈಪು, ಇಂಥ ಗಟ್ಟಿ ಸರಕಿಗೆ ಬೆಲ್ಟ್‌ಗೆ ಸಾಟಿ ಇಲ್ಲ. ಪಾಲಿಯೆಸ್ಟರ್ ಪಟ್ಟಿ, ಎಳೆದರೆ ಹಿಗ್ಗುವುದು ಕಡಿಮೆ. ಒಬ್ಬನೇ ನಿಂತು ಹಿಡಿ ಆಡಿಸಿದರೆ ಸಾಕು, ಕ್ಲೀನರ್ ಮೇಲೆ ಹತ್ತಿ ಕಾಲು ಕೊಟ್ಟು ಎಳೆಯಬೇಕಿಲ್ಲ. ಆದರೆ 50 ಮಿ.ಮೀ. ಪಟ್ಟಿಯ ಮೇಲೆ 5 ಟನ್ ಅಂತ ದೊಡ್ಡದಾಗಿ ಬರೆದಿದ್ದರೆ ಸಾಮಾನ್ಯವಾಗಿ ಅದು ಪಟ್ಟಿ ಹರಿದುಹೋಗುವ ಭಾರದ ಲೆಕ್ಕ, ನಂಬಿ ಕಟ್ಟಬಹುದಾದ ಲೆಕ್ಕ ಅದರ ಅರ್ಧ. ಇದನ್ನು ಅಂಗಡಿಯವನು ಹೇಳಲ್ಲ. ಇನ್ನೊಂದು, ಕಬ್ಬಿಣದ ಅಂಚು ತಾಗಿದ ಕಡೆ ಬೆಲ್ಟ್ ಒಂದೇ ರಾತ್ರಿಯಲ್ಲಿ ಸವೆದು ನೂಲು ಏಳುತ್ತೆ. ಮೂಲೆಗೆ ಹಳೇ ಟ್ಯೂಬಿನ ಚೂರು ಮಡಚಿ ಇಡಿ. ರ‍್ಯಾಚೆಟ್ ಹಲ್ಲಿನೊಳಗೆ ಮಣ್ಣು ಕೂತರೆ ಬಿಚ್ಚುವಾಗ ಅದು ಟಪ್ಪಂತ ಹಾರಿ ಹೆಬ್ಬೆರಳಿಗೆ ಬಡಿಯುತ್ತೆ, ಅದಕ್ಕೆ ಆಗಾಗ ಬ್ರಷ್ ಹಾಕಿ ಎರಡು ಹನಿ ಆಯಿಲ್ ಬಿಡಬೇಕು.

ಅಕ್ಕಿ ಮೂಟೆ, ಮೆಕ್ಕೆಜೋಳದ ಚೀಲಕ್ಕೆ ಮಾತ್ರ ನಾನು ಹಗ್ಗದವನೇ. ಮೂಟೆ ಲೋಡು ಅಲುಗಾಡುತ್ತಾ ಕೂರುತ್ತೆ, ಐವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದು ಗೇಣು ಇಳಿದಿರುತ್ತೆ. ಬೆಲ್ಟ್ ಆಗಲೇ ಸಡಿಲ. ಹಗ್ಗವಾದರೆ ಇಳಿದ ಕಡೆ ಇನ್ನೊಂದು ಸುತ್ತು ಹಾಕಬಹುದು, ಎಲ್ಲಿ ಬೇಕಾದರೂ ಗಂಟು, ಹರಿದರೆ ಅಲ್ಲೇ ಜೋಡಣೆ. ನೈಲಾನ್ ನೆನೆದರೆ ಹಿಗ್ಗುತ್ತೆ, ಮಳೆಯಲ್ಲಿ ನಿಲ್ಲಿಸಿ ಬಿಗಿ ಮಾಡಲೇಬೇಕು. ಅಗ್ಗದ ಪ್ಲಾಸ್ಟಿಕ್ ಹಗ್ಗ ಬೇಡವೇ ಬೇಡ, ಬಿಸಿಲಿಗೆ ಪುಡಿಪುಡಿ ಆಗುತ್ತೆ. ಯಾವುದನ್ನೇ ಕಟ್ಟಿ, ಹೊರಟ ಮೇಲೆ ಮೊದಲ ಟೀ ಅಂಗಡಿಯಲ್ಲಿ ಇಳಿದು ಒಂದು ಸುತ್ತು ಕೈಯಿಂದ ಮುಟ್ಟಿ ನೋಡಿ.

ಟಾರ್ಪಾಲಿನ ವಿಷಯದಲ್ಲಿ ನನ್ನ ತೀರ್ಪು ಸ್ವಲ್ಪ ಕಠಿಣ. ನೀಲಿ ಪ್ಲಾಸ್ಟಿಕ್ ಶೀಟು ಹಗುರ, ಬೆಲೆ ಕಡಿಮೆ, ಒಬ್ಬನೇ ಎಳೆದು ಹೊದಿಸಬಹುದು. ಆದರೆ ಸತಾರಾ ದಾಟಿ ಗಾಳಿ ಹಿಡಿದರೆ ರಾತ್ರಿಯಿಡೀ ಪಟಪಟ ಬಡಿದು ಮೊದಲು ಹಗ್ಗ ಪೋಣಿಸುವ ತೂತಿನ ಹತ್ತಿರ ಹರಿಯುತ್ತೆ, ಆಮೇಲೆ ಉದ್ದಕ್ಕೆ ಸೀಳುತ್ತೆ. ಒಳಗೆ ಬೆವರುತ್ತೆ ಬೇರೆ, ಮೇಲಿನ ಸಾಲಿನ ಮೂಟೆ ಮಳೆ ಬರದೆಯೂ ಒದ್ದೆ. ಮೇಣದ ಕ್ಯಾನ್ವಾಸ್ ಉಸಿರಾಡುತ್ತೆ, ಹರಿದರೆ ದಬ್ಬಳ ಹಿಡಿದು ಹೊಲಿಯಬಹುದು. ನೆನೆದರೆ ಇಬ್ಬರು ಸೇರಿದರೂ ಮಡಚುವುದು ಕಷ್ಟ, ಒದ್ದೆಯಲ್ಲೇ ಸುತ್ತಿಟ್ಟರೆ ವಾರದಲ್ಲಿ ಬೂಷ್ಟು. ಧಾನ್ಯಕ್ಕೆ ಕ್ಯಾನ್ವಾಸ್, ನೀರು ತಾಗಿದರೂ ಕೆಡದ ಮಾಲಿಗೆ ಪ್ಲಾಸ್ಟಿಕ್. ಪಿವಿಸಿ ಲೇಪನದ ಟಾರ್ಪಾಲ್ ಎರಡಕ್ಕಿಂತ ಚೆನ್ನಾಗಿ ಬಾಳುತ್ತೆ, ಆದರೆ ಬೆಲೆ ಕೇಳಿದರೆ ಓನರ್ ಫೋನ್ ಎತ್ತುವುದೇ ಬಿಡುತ್ತಾನೆ.

ಇನ್ನು ಊಟ. ಸೀಮೆಎಣ್ಣೆ ಪಂಪ್ ಸ್ಟೌ ಒಂದು ಕಾಲಕ್ಕೆ ಪ್ರತಿ ಲಾರಿಯಲ್ಲೂ ಇತ್ತು. ಅದರ ಸದ್ದು ಕೇಳಿದರೆ ಹಸಿವಾಗುತ್ತಿತ್ತು ನಮಗೆ. ಈಗ ಸೀಮೆಎಣ್ಣೆಯೇ ಸಿಗಲ್ಲ, ಸಿಕ್ಕರೂ ಕಲಬೆರಕೆ, ಕಟ್ಟಿದ ತೂತಿಗೆ ಪಿನ್ನು ಹಾಕೀ ಹಾಕೀ ಕೈ ಕಪ್ಪು. ಅದಕ್ಕೇ ನಾನು 5 ಕೆಜಿಯ ಸಣ್ಣ ಗ್ಯಾಸ್ ಸಿಲಿಂಡರ್ ಕಡೆ ಬಂದೆ. ಇಂಡಿಯನ್ ಆಯಿಲ್‌ನವರು ಇದನ್ನು ‘ಛೋಟು’ ಅಂತ ಮಾರುತ್ತಾರೆ, ವಿಳಾಸದ ದಾಖಲೆ ಕೇಳಲ್ಲ, ಗುರುತಿನ ಚೀಟಿ ಸಾಕು. ಎಷ್ಟೋ ಪೆಟ್ರೋಲ್ ಬಂಕ್‌ಗಳಲ್ಲೇ ಸಿಗುತ್ತೆ. ಉರಿ ಚುರುಕು, ಮುದ್ದೆಗೆ ಎಸರು ಬೇಗ ಕಾಯುತ್ತೆ. ಗಾಳಿಗೆ ಮಾತ್ರ ಪಂಪ್ ಸ್ಟೌನಷ್ಟು ತಡೆಯಲ್ಲ, ಸುತ್ತ ತಗಡು ನಿಲ್ಲಿಸಬೇಕು. ಯಾವುದೇ ಒಲೆಯನ್ನು ಕ್ಯಾಬಿನ್ ಒಳಗೆ ಹಚ್ಚಬೇಡಿ. ಗಾಜು ಮುಚ್ಚಿದ ಕ್ಯಾಬಿನ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರಲ್ಲ. ಡೀಸೆಲ್, ಗ್ಯಾಸ್ ಟ್ಯಾಂಕರ್ ಓಡಿಸುವವರು ಒಲೆಯ ಯೋಚನೆಯನ್ನೇ ಬಿಡಿ.

ಡಾಬಾ ಬೇಡವಾ ಅಂತ ಕೇಳಬಹುದು. ಬೇಕು, ಆದರೆ ಹಾಸಿಗೆಗೆ, ಸ್ನಾನಕ್ಕೆ, ಲಾರಿ ನಿಲ್ಲಿಸಲು. ಎಣ್ಣೆ ತೇಲುವ ದಾಲು ಉಂಡು ತಕ್ಷಣ ಸ್ಟೇರಿಂಗ್ ಹಿಡಿದರೆ ನಿದ್ದೆ ಎಳೆಯುತ್ತೆ. ಗಾಡಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಒಲೆಯೂ ಬೇಡ, ಡಾಬಾನೂ ಬೇಡ. ತಿಂಗಳಾದರೂ ಕೆಡಲ್ಲ. ಬೆಳಗಾವಿ, ವಿಜಯಪುರದ ಹುಡುಗರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ, ಅಲ್ವಾ.

ಕಾಗದ ಪತ್ರ: ಫೈಲಾ, ಫೋನಾ? ಸರ್ಕಾರದ ಆ್ಯಪ್ ಡಿಜಿಲಾಕರ್‌ನಲ್ಲಿರುವ ಆರ್‌ಸಿ, ಲೈಸೆನ್ಸ್‌ಗೆ 2018ರಿಂದ ಕೇಂದ್ರ ಸಾರಿಗೆ ಇಲಾಖೆಯೇ ಮಾನ್ಯತೆ ಕೊಡಿಸಿದೆ. ಆದರೆ ಚಾರ್ಜ್ ಇಲ್ಲದ ಫೋನ್, ನೆಟ್ ಇಲ್ಲದ ಚೆಕ್‌ಪೋಸ್ಟ್ ಎರಡನ್ನೂ ನೋಡಿದ್ದೇನೆ. ಫೋನೇ ಮುಂದೆ ಇರಲಿ, ಸೀಟಿನ ಹಿಂದೆ ಜೆರಾಕ್ಸ್ ಸೆಟ್ ಇರಲಿ. ಸರಕಿನ ಜೊತೆ ಸಾಗುವ ಜಿಎಸ್‌ಟಿ ಚೀಟಿಯಾದ ಇ-ವೇ ಬಿಲ್‌ನ ಅವಧಿ ಮಾತ್ರ ನೀವೇ ಲೆಕ್ಕ ಹಾಕಿ: 200 ಕಿಲೋಮೀಟರ್‌ಗೆ ಒಂದು ದಿನ. ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿಂದ, ಮುಗಿದ 8 ಗಂಟೆಯೊಳಗೆ ಮುಂದೂಡಿಸಬೇಕು. ಟ್ರಾನ್ಸ್‌ಪೋರ್ಟ್ ಆಫೀಸಿನವರು ಮಲಗಿರುತ್ತಾರೆ, ಎಬ್ಬಿಸಿ.

ಟೈರಿಗೆ ಟಾಮಿಯಿಂದ (ಕಬ್ಬಿಣದ ಸರಳಿನಿಂದ) ಬಡಿದು ಸದ್ದು ಕೇಳುವುದು ಮತ್ತು ಗಾಳಿ ಅಳೆಯುವ ಗೇಜ್ ಹಿಡಿಯುವುದು: ಒಳಗಿನ ಜೋಡಿ ಟೈರ್ ಪೂರ್ತಿ ಕೂತಿದ್ದರೆ ಬಡಿದರೇ ಗೊತ್ತಾಗುತ್ತೆ. ಆದರೆ ಗಾಳಿ ಇಪ್ಪತ್ತು ಪೌಂಡ್ ಕಡಿಮೆ ಇದ್ದರೆ ಕಿವಿಗೆ ತಿಳಿಯಲ್ಲ, ಗೇಜೇ ಬೇಕು. ಅದೂ ಬೆಳಗ್ಗೆ ಟೈರ್ ತಣ್ಣಗಿರುವಾಗ.

ಘಾಟಿನಲ್ಲಿ ನ್ಯೂಟ್ರಲ್ಲಾ ಗೇರಾ ಅನ್ನುವುದು ಹೋಲಿಕೆಯೇ ಅಲ್ಲ, ಆದರೂ ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತೆ ಅಂತ ಹಿರಿಯರು ಹೊಸಬರ ತಲೆಗೆ ತುಂಬುವುದರಿಂದ ಹೇಳುತ್ತೇನೆ. ನ್ಯೂಟ್ರಲ್ ಆದರೆ ಎಂಜಿನ್ ತಡೆಯಲ್ಲ, ಭಾರವೆಲ್ಲ ಬ್ರೇಕ್ ಮೇಲೆ. ಧರ್ಮಪುರಿ ಹತ್ತಿರದ ತೊಪ್ಪೂರು ಘಾಟ್, ಪುಣೆಗೆ ಇಳಿಯುವ ನವಲೆ ಸೇತುವೆ, ಎರಡೂ ಕಡೆ ಬ್ರೇಕ್ ಸುಟ್ಟ ವಾಸನೆ ಸಾಮಾನ್ಯ. ಈಗಿನ ಎಂಜಿನ್‌ಗಳು ಗೇರ್‌ನಲ್ಲಿ ಇಳಿಯುವಾಗ ಡೀಸೆಲ್ ಕಟ್ ಮಾಡುತ್ತವೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತವೆ. ಅಂದರೆ ಉಳಿತಾಯವೂ ಇಲ್ಲ.

ಕೊನೆಗೆ, ನಿಲ್ಲಿಸಿದ ಲಾರಿ ಉರುಳದಂತೆ ಚಕ್ರಕ್ಕೆ ಒಡ್ಡುವ ಅಡ್ಡಿ. ಕಲ್ಲು ಎಲ್ಲಾ ಕಡೆ ಬಿಟ್ಟಿ ಸಿಗುತ್ತೆ, ಆದರೆ ಹೊರಡುವ ಅವಸರದಲ್ಲಿ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರೇ ಜಾಸ್ತಿ, ಹಿಂದಿಂದ ಬೈಕಿನವನು ಬಂದು ಬೀಳುತ್ತಾನೆ. ಓರೆಯಾಗಿ ಕುಯ್ದ ಮರದ ದಿಮ್ಮಿಗೆ ಮೊಳದುದ್ದ ಹಗ್ಗ ಕಟ್ಟಿ ಬಂಪರಿಗೆ ಸಿಕ್ಕಿಸಿಟ್ಟುಕೊಳ್ಳಿ. ಟಿಂಬರ್ ಡಿಪೋದಲ್ಲಿ ಚೂರು ಕೇಳಿದರೆ ಎಷ್ಟೋ ಸಲ ದುಡ್ಡೂ ತಗೊಳ್ಳಲ್ಲ.