ಕ್ಲೌಡ್‌ನಲ್ಲಿದೆ ಅಂತ ಕಂಪ್ಯೂಟರ್‌ನಿಂದ ಅಳಿಸಬೇಡಿ, ನಾನು ಅಳಿಸಿ ಕೆಟ್ಟೆ

ಮೊದಲೇ ಹೇಳಿಬಿಡ್ತೀನಿ, ತಪ್ಪು ನನ್ನದೇ. ಹಾಗಾಗಿ ಯಾವ ಕಂಪನಿಯ ಕ್ಲೌಡ್ (ನೆಟ್ ಮೂಲಕ ಫೈಲ್ ಇಡುವ ಜಾಗ) ಅಂತ ಹೆಸರು ಹೇಳೋದಿಲ್ಲ. ಅದು ತನ್ನ ಕೆಲಸವನ್ನ ಸರಿಯಾಗೇ ಮಾಡಿತು. ಆ ಕೆಲಸ ಏನು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಕಲಬುರಗಿಯಲ್ಲಿ ಮನೆಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. 11 ವರ್ಷದಿಂದ ಟೈಪ್ ಮಾಡಿದ ನೋಟ್ಸು, ಪಾಠಕ್ಕೆ ಒಂದರಂತೆ ಪ್ರಶ್ನೆಪತ್ರಿಕೆ, ಸ್ಕ್ಯಾನ್ ಮಾಡಿದ ನಕಾಶೆ, ಎಲ್ಲಾ ಒಂದೇ ಫೋಲ್ಡರ್‌ನಲ್ಲಿದ್ದವು. ಆ ಫೋಲ್ಡರ್ ಕ್ಲೌಡ್‌ಗೆ ಸಿಂಕ್ ಆಗುತ್ತಿತ್ತು. ತಿಂಗಳಾ ತಿಂಗಳಾ ದುಡ್ಡು ಕಟ್ಟಿ ಜಾಗ ತಗೊಂಡಿದ್ದೆ. ಮನೆಯ ಕಂಪ್ಯೂಟರ್ ಸುಟ್ಟು ಹೋದರೂ ಚಿಂತೆ ಇಲ್ಲ ಅಂತ ನಾಲ್ಕು ಜನರಿಗೆ ಹೇಳಿಕೊಂಡು ಬೇರೆ ತಿರುಗಿದ್ದೆ.

ಏಪ್ರಿಲ್ 14. ಅಂಬೇಡ್ಕರ್ ಜಯಂತಿ ರಜೆ, ಅದಕ್ಕೇ ತಾರೀಖು ನೆನಪಿದೆ. ಸಿ ಡ್ರೈವ್ ಕೆಂಪಗಾಗಿ ಕೂತಿತ್ತು, ಒಂದು ಪುಟ ಪ್ರಿಂಟ್ ಹಾಕಬೇಕೆಂದರೂ ಕಂಪ್ಯೂಟರ್ ಮುಗ್ಗರಿಸುತ್ತಿತ್ತು. ನನ್ನ ಫೋಲ್ಡರ್ ಒಂದೇ 11 ಜಿಬಿ. ಹೇಗೂ ಕ್ಲೌಡ್‌ನಲ್ಲಿದೆಯಲ್ಲ, ಇಲ್ಲಿಂದ ತೆಗೆದರಾಯ್ತು ಅಂದುಕೊಂಡೆ. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ ಕರೆಂಟ್ ಹೇಗಿರುತ್ತೆ ಗೊತ್ತಲ್ಲ, ಅದೇ ಹೊತ್ತಿಗೆ ಹೋಯ್ತು. ಫ್ಯಾನು, ಕಂಪ್ಯೂಟರ್ ಇನ್ವರ್ಟರ್ ಮೇಲೆ ನಡೀತಾ ಇದ್ದವು. ರೂಟರ್ ಮಾತ್ರ ಇನ್ವರ್ಟರ್ ಲೈನಿಗಿರಲಿಲ್ಲ, ಹಾಲ್‌ನ ಬೇರೆ ಪ್ಲಗ್‌ನಲ್ಲಿತ್ತು. ಅಂದರೆ ಕಂಪ್ಯೂಟರ್ ನಡೀತಿದೆ, ನೆಟ್ ಇಲ್ಲ. ನಾನು ಅದನ್ನ ಗಮನಿಸಲೇ ಇಲ್ಲ.

ಫೋಲ್ಡರ್ ಅಳಿಸಿದೆ. ಆಮೇಲೆ, ನಾನೂ ಪೂರ್ತಿ ದಡ್ಡನಲ್ಲ ನೋಡಿ, ಮೊಬೈಲ್ ತೆಗೆದು ಕ್ಲೌಡ್ ಆ್ಯಪ್ ತೆರೆದೆ. ಮೊಬೈಲ್‌ಗೆ ಅದರದೇ ಡೇಟಾ ಇತ್ತು. ಫೋಲ್ಡರ್ ಅಲ್ಲೇ ಇದೆ! ಒಳಗೆ ಫೈಲ್‌ಗಳೂ ಇವೆ! ಒಂದನ್ನ ತೆರೆದೂ ನೋಡಿದೆ. ಸಮಾಧಾನವಾಯ್ತು. ಕಂಪ್ಯೂಟರ್‌ನ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಅರ್ಧ ಗಂಟೆ ಬಿಟ್ಟು ಕರೆಂಟ್ ಬಂತು, ರೂಟರ್ ಕಣ್ಣು ಬಿಟ್ಟಿತು, ಸಿಂಕ್ ಶುರುವಾಯ್ತು. ‘ಇಲ್ಲಿ ಅಳಿಸಿದ್ದಾನೆ, ಅಲ್ಲೂ ಅಳಿಸು’ ಅನ್ನೋದು ಆಗ ಮೇಲಕ್ಕೆ ಹೋಯ್ತು. ಮರುದಿನ ನಾವೆಲ್ಲ ಆಳಂದ ತಾಲ್ಲೂಕಿನ ನಮ್ಮೂರಿಗೆ ಹೋದೆವು. ಕಂಪ್ಯೂಟರ್ ಮುಂದೆ ಮತ್ತೆ ಕೂತಿದ್ದು ಜೂನ್ 4ಕ್ಕೆ. ಕ್ಲೌಡ್ ತೆರೆದರೆ ಫೋಲ್ಡರ್ ಅಲ್ಲೂ ಇಲ್ಲ.

ನಮ್ಮ ಕಡೆ ಹಿಂದೆ ಜೋಳ ತುಂಬಿಡೋಕೆ ನೆಲದಲ್ಲಿ ಹಗೇವು ತೋಡುತ್ತಿದ್ದರು. ಸಿಂಕ್ ಅಂದರೆ ಎರಡು ಬಾಯಿ ಇರುವ ಒಂದೇ ಹಗೇವು. ಮನೆಯೊಳಗಿನ ಬಾಯಿಂದ ಜೋಳವೆಲ್ಲ ಖಾಲಿ ಮಾಡಿ, ಅಂಗಳದ ಬಾಯಲ್ಲಿ ಬಗ್ಗಿ ಹುಡುಕಿದರೆ ಏನು ಸಿಗುತ್ತೆ? ಬ್ಯಾಕಪ್ ಅಂದರೆ ಎರಡನೇ ಹಗೇವು. ನಾನು ದುಡ್ಡು ಕಟ್ಟುತ್ತಿದ್ದದ್ದು ಎರಡನೇ ಬಾಯಿಗೆ.

51 ದಿನ ಕಳೆದಿತ್ತು. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಐಕ್ಲೌಡ್, ಯಾವುದೇ ತಗೊಳ್ಳಿ, ಮನೆ ಬಳಕೆಯ ಸಾಮಾನ್ಯ ಖಾತೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರಗಳಿಗೆ 60 ದಿನ. ಅಷ್ಟರೊಳಗೆ ಎಚ್ಚೆತ್ತರೆ ಎರಡು ಕ್ಲಿಕ್ಕಿನ ಕೆಲಸ. ಒಮ್ಮೆಲೇ ರಾಶಿ ಫೈಲ್ ಅಳಿದರೆ ಮೇಲ್ ಕಳಿಸುವ ಸೇವೆಗಳೂ ಇವೆ. ನನಗೂ ಬಂದಿತ್ತು, ಏಪ್ರಿಲ್ 14ರ ಸಂಜೆಯೇ. ನಾನು ವರ್ಷಕ್ಕೊಮ್ಮೆ ನೋಡುವ ಹಳೇ ಮೇಲ್ ಐಡಿಗೆ.

ಗಾಬರಿಯಲ್ಲಿ ಇನ್ನೊಂದು ಗುಂಡಿಗೆ ಬೀಳೋನಿದ್ದೆ. ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದೆ. ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಳ್ಳಿ, ರಿಜಿಸ್ಟ್ರೇಷನ್‌ಗೆ ಬರೀ 10 ರೂಪಾಯಿ ಕಳಿಸಿ ಅಂದ. ಅದು ನಮ್ಮ ಪರದೆಯನ್ನ ಅವನಿಗೆ ತೋರಿಸುವ ಆ್ಯಪ್. ಮಗ ಕೈಯಿಂದ ಫೋನ್ ಕಸಿದುಕೊಂಡು ಕಟ್ ಮಾಡಿದ. ಹೀಗೆ ದುಡ್ಡು ಹೋದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಂಥ ನಂಬರನ್ನ ಸರ್ಚ್‌ನಲ್ಲಿ ಹುಡುಕಲೇಬೇಡಿ, ಆ್ಯಪ್‌ನ ಒಳಗಿರುವ ಹೆಲ್ಪ್‌ನಿಂದಲೇ ಹೋಗಿ.

ಕೊನೆಗೆ ಕಂಪ್ಯೂಟರ್ ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಮೊದಲು ಕೇಳಿದ್ದೇ, “ಎಸ್‌ಎಸ್‌ಡಿ ಅದ ಏನ್ರಿ ಸರ?” ಹಳೇ ಹಾರ್ಡ್ ಡಿಸ್ಕ್ ಬದಲು ಈಗ ಬರುವ ಚಿಪ್ಪಿನ ಡ್ರೈವ್ ಅದು. ಹೌದು ಅಂದೆ. ಅವನ ಮುಖ ಇಳಿಯಿತು. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಅಳಿಸಿದರೂ ಅದರ ಮೇಲೆ ಬೇರೆ ಬರೆಯೋವರೆಗೆ ಒಳಗಿನ ಮಾಲು ಹಾಗೇ ಇರುತ್ತಂತೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ. ಅಳಿಸಿದ ಜಾಗ ಇದು ಅಂತ ವಿಂಡೋಸ್ ತಿಳಿಸುತ್ತೆ, ಡ್ರೈವ್ ತಾನೇ ಗುಡಿಸಿ ಹಸನು ಮಾಡಿಬಿಡುತ್ತೆ. ಆದರೂ ನನ್ನ ಸಮಾಧಾನಕ್ಕೆ ಒಂದಿಡೀ ದಿನ ಹುಡುಕಿದ. ಒಂದು ಫೈಲೂ ಬರಲಿಲ್ಲ.

ಆಗ ಹೆಂಡತಿಗೆ ಅಟ್ಟದ ನೆನಪಾಯ್ತು. 2022ರಲ್ಲಿ ಎಸ್‌ಎಸ್‌ಡಿ ಹಾಕಿಸಿದಾಗ ತೆಗೆದ 500 ಜಿಬಿ ಹಾರ್ಡ್ ಡಿಸ್ಕ್, ಹಳೇ ಮಿಕ್ಸರ್ ಡಬ್ಬಿಯಲ್ಲಿತ್ತು. ಅದನ್ನೂ ಮಗ ಒಮ್ಮೆ ಫಾರ್ಮ್ಯಾಟ್ ಹೊಡೆದು ನಾಲ್ಕಾರು ಸಿನಿಮಾ ತುಂಬಿಕೊಂಡಿದ್ದ. ಆದರೂ ಕೊಟ್ಟೆ. ಎರಡು ದಿನ ಬಿಟ್ಟು ಅಂಗಡಿಯಿಂದ ಫೋನ್ ಬಂತು, “ಬರ್ರಿ ಸರ, ಏನೇನೋ ಬಂದದ.”

ಹೋಗಿ ನೋಡಿದರೆ 1,512 ಫೈಲ್. ಒಂದಕ್ಕೂ ಹೆಸರಿಲ್ಲ, ಬರೀ ನಂಬರ್. ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಹೀಗೆ ಕೆದಕಿ ತೆಗೆದಾಗ ಫೈಲಿನ ಹೊಟ್ಟೆ ಸಿಗುತ್ತೆ, ಹೆಸರು ಸಿಗಲ್ಲ. ಹುಡುಗ ಒಂದನ್ನ ತೆರೆದು ತೋರಿಸಿದ. ಪರದೆ ತುಂಬ ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಚಿಹ್ನೆ, ತುಂಡು ಗೆರೆ. “ನೋಡ್ರಿ ಸರ, ವರ್ಡ್ ಫೈಲ್ ಎಲ್ಲಾ ಖರಾಬ್ ಆಗ್ಯಾವ. ಬರೇ ಕಚರಾ ಬರ್ಲಾಕತ್ತದ. ಫೋಟೋ ಅಷ್ಟೇ ಕಾಪಿ ಮಾಡಿ ಕೊಡ್ಲೇನು?” ಅಂದ.

ಹೂಂ ಅಂತಿದ್ದೆ. ಬಾಯಿವರೆಗೆ ಬಂದಿತ್ತು. ಅಷ್ಟರಲ್ಲಿ ಸಾಲುಗಳ ಮುಂದೆ 1, 2, 3 ಅಂತ ನಂಬರ್ ಕಂಡಿತು. ಬಲಗಡೆ ಅಂಚಿನಲ್ಲಿ ಕಂಸದೊಳಗೆ ಅಂಕ, ಎರಡೆರಡು, ಮೂರು ಮೂರು. ಪ್ರಶ್ನೆಪತ್ರಿಕೆ! “ಖರಾಬ್ ಅಲ್ಲೋ ತಮ್ಮಾ, ಇದು ನುಡಿ” ಅಂದೆ. ಹಳೇ ಫೈಲ್‌ಗಳನ್ನೆಲ್ಲ ನುಡಿ ಫಾಂಟ್‌ನಲ್ಲಿ ಹೊಡೆದಿದ್ದೆ, ಯೂನಿಕೋಡ್‌ನಲ್ಲಲ್ಲ. ಯೂನಿಕೋಡ್ ಆದರೆ ಈಗಿನ ಕಂಪ್ಯೂಟರ್‌ಗಳಲ್ಲಿ ಕನ್ನಡವಾಗೇ ಕಾಣುತ್ತೆ, ಹಳೇ ನುಡಿಯದು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತೆ. ಅವನ ಕಂಪ್ಯೂಟರ್‌ನಲ್ಲಿ ನುಡಿ ಇರಲೇ ಇಲ್ಲ. ಅಲ್ಲೇ ಕೂತು ಇನ್‌ಸ್ಟಾಲ್ ಮಾಡಿಸಿದೆ. ಅದೇ ಫೈಲ್ ಮತ್ತೆ ತೆರೆದ. ‘ಬಹಮನಿ ಸುಲ್ತಾನರ ಆಡಳಿತವನ್ನು ವಿವರಿಸಿ’ ಅಂತ ಬಂತು. ಪಕ್ಕದ ಟೇಬಲ್‌ನವರೂ ಎದ್ದು ಬಂದು ನೋಡಿದರು.

ಕನ್ನಡದಲ್ಲಿ ಕೆಲಸ ಮಾಡುವವರು ಇದೊಂದನ್ನ ದಯವಿಟ್ಟು ನೆನಪಿಡಿ. ಡಿಟಿಪಿಯವರು, ಮೇಷ್ಟ್ರುಗಳು, ಬಾಂಡ್ ಬರೆಯುವವರು, ನಿಮ್ಮೆಲ್ಲರ ಹತ್ತಿರ ನುಡಿ, ‘ಬರಹ’ ಅನ್ನೋ ಸಾಫ್ಟ್‌ವೇರ್‌ಗಳಲ್ಲಿ ಹೊಡೆದ ಹಳೇ ಫೈಲ್ ರಾಶಿ ಇರುತ್ತೆ ಅಲ್ವಾ. ರಿಕವರಿಗೆ ಕೊಡುವಾಗ ಅದನ್ನ ಮೊದಲೇ ಹೇಳಿ. ಇಲ್ಲದಿದ್ದರೆ ಬದುಕಿದ್ದನ್ನೂ ಸತ್ತಿದೆ ಅಂತ ಎಸೆದುಬಿಡ್ತಾರೆ, ನಿಮಗೆ ಗೊತ್ತೂ ಆಗಲ್ಲ.

ರಿಕವರಿಗೆ 3,500 ರೂಪಾಯಿ ಆಯ್ತು. 2022ರವರೆಗಿನದು ಮುಕ್ಕಾಲು ಪಾಲು ಬಂತು. ಆಮೇಲಿನದು ಎಲ್ಲೂ ಇಲ್ಲ.

ನನ್ನ ಹಾಗೆ ಈಗಷ್ಟೇ ಅಳಿಸಿ ಇದನ್ನ ಓದ್ತಾ ಇದ್ದರೆ, ಮೊದಲು ಕಂಪ್ಯೂಟರ್‌ನ ನೆಟ್ ತೆಗೀರಿ. ರೀಸೈಕಲ್ ಬಿನ್ ಖಾಲಿ ಮಾಡಬೇಡಿ, ಅಲ್ಲಿಂದಲೇ ವಾಪಸ್ ತನ್ನಿ. ಬೇರೆ ಕಂಪ್ಯೂಟರ್ ಅಥವಾ ಮೊಬೈಲ್‌ನ ಬ್ರೌಸರ್‌ನಲ್ಲಿ ಕ್ಲೌಡ್ ತೆರೆದು ಕಸದ ಬುಟ್ಟಿ ನೋಡಿ. ಸಿಕ್ಕಿದ್ದನ್ನ ಅದೇ ಡಿಸ್ಕ್‌ಗೆ ಇಳಿಸಬೇಡಿ, ಪೆನ್‌ಡ್ರೈವ್‌ಗೆ ಇಳಿಸಿ. ಜಾಗ ಬೇಕಿದ್ದರೆ ಡಿಲೀಟ್ ಅಲ್ಲ, ‘ಫ್ರೀ ಅಪ್ ಸ್ಪೇಸ್’ ಅಥವಾ ‘ಆನ್‌ಲೈನ್ ಓನ್ಲಿ’ ಅಂತ ಬೇರೆಯೇ ಆಯ್ಕೆ ಇರುತ್ತೆ. ಅದು ಕಂಪ್ಯೂಟರ್‌ನ ಪ್ರತಿಯನ್ನ ಮಾತ್ರ ತೆಗೆಯುತ್ತೆ.

ಪೆನ್‌ಡ್ರೈವ್ ಅಂದಾಗ ನೆನಪಾಯ್ತು. ಪರಿಚಯದ ಇನ್ನೊಬ್ಬ ಮೇಷ್ಟ್ರು ಗೂಗಲ್ ಡಾಕ್ಸ್‌ನಲ್ಲಿ ಬರೆದ ನೋಟ್ಸನ್ನೆಲ್ಲ ಕಂಪ್ಯೂಟರ್‌ನ ಡ್ರೈವ್ ಫೋಲ್ಡರ್‌ನಿಂದ ಪೆನ್‌ಡ್ರೈವ್‌ಗೆ ಎಳೆದಿಟ್ಟುಕೊಂಡು ನಿಶ್ಚಿಂತೆಯಾಗಿದ್ದರು. ನನ್ನ ಕತೆ ಕೇಳಿ ತೆರೆದು ನೋಡಿದರೆ ಒಂದೊಂದು ಫೈಲ್ ಒಂದು ಕೆಬಿಯೂ ಇಲ್ಲ. ಅದು ಬರಹವಲ್ಲ, ಬರಹ ಎಲ್ಲಿದೆ ಅನ್ನುವ ವಿಳಾಸದ ಚೀಟಿ ಅಷ್ಟೇ. ವರ್ಡ್ ಅಥವಾ ಪಿಡಿಎಫ್ ಆಗಿ ಡೌನ್‌ಲೋಡ್ ಮಾಡಬೇಕು. ಪುಣ್ಯಕ್ಕೆ ಅವರದ್ದು ಮೇಲೆ ಇನ್ನೂ ಇತ್ತು.

ನಾನೀಗ ಎರಡು ಹೊರಗಿನ ಹಾರ್ಡ್ ಡಿಸ್ಕ್ ತಗೊಂಡಿದ್ದೇನೆ. ಪ್ರತಿ ಅಮಾವಾಸ್ಯೆಗೆ ಒಂದನ್ನ ಚುಚ್ಚಿ ಕಾಪಿ ಮಾಡಿ, ಯಾವುದಾದರೂ ಎರಡು ಫೈಲ್ ತೆರೆದು ನೋಡಿ, ಕಿತ್ತು ಅಲ್ಮೇರಾದಲ್ಲಿಡ್ತೀನಿ. ಚುಚ್ಚಿಯೇ ಬಿಟ್ಟರೆ ಮತ್ತೆ ಅದೇ ಕತೆ, ಕಂಪ್ಯೂಟರ್‌ಗೆ ವೈರಸ್ ಬಂದರೆ ಅದಕ್ಕೂ ಬರುತ್ತೆ. ತಾರೀಖು ಇಟ್ಟುಕೊಂಡರೆ ನಾನು ಮರೀತೀನಿ, ಅಮಾವಾಸ್ಯೆಯನ್ನ ಅವ್ವ ಮರೆಯೋಕೆ ಬಿಡಲ್ಲ. ಇನ್ನೊಂದು ಡಿಸ್ಕ್ ಬೀದರ್‌ನಲ್ಲಿ ಅಕ್ಕನ ಮನೆಯಲ್ಲಿದೆ, ಹೋದಾಗೆಲ್ಲ ಬದಲಿಸಿಕೊಂಡು ಬರ್ತೀನಿ. ಕ್ಲೌಡ್ ಬಿಟ್ಟಿಲ್ಲ, ಅದೂ ಇದೆ. ರೂಟರ್‌ಗೂ ಇನ್ವರ್ಟರ್ ಲೈನ್ ಎಳೆಸಿದ್ದೇನೆ.

2022ರ ನಂತರದ ಪತ್ರಿಕೆಗಳಿಗಾಗಿ ಹಳೇ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದೆ. ಮಕ್ಕಳು ಟ್ರಂಕು ಕೆದಕಿ ಝೆರಾಕ್ಸ್ ಪ್ರತಿಗಳ ಫೋಟೋ ಕಳಿಸ್ತಾ ಇದ್ದಾರೆ. ಕೆಲವುಕ್ಕೆ ಎಣ್ಣೆ ಕಲೆ, ಕೆಲವುದರ ಹಿಂದೆ ಕ್ರಿಕೆಟ್ ಸ್ಕೋರು. ದಿನಾ ರಾತ್ರಿ ಎರಡೆರಡು ಪುಟ ಮತ್ತೆ ಟೈಪ್ ಮಾಡ್ತಾ ಇದ್ದೇನೆ, ಈ ಸಲ ಯೂನಿಕೋಡ್‌ನಲ್ಲಿ. 2024ರ ಬ್ಯಾಚಿನ ಭೂಗೋಳದ್ದು ಇನ್ನೂ ಒಂದೂ ಸಿಕ್ಕಿಲ್ಲ. ಆ ಬ್ಯಾಚಿನವರು ಯಾರಾದರೂ ಇದನ್ನ ಓದಿದರೆ ಮನೆಯಲ್ಲಿ ಸ್ವಲ್ಪ ಹುಡುಕ್ರಪ್ಪಾ.